ಕಸುಬು ಕೈಕೊಟ್ಟ ಮೇಲೆ

ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಗಳಲ್ಲಿ ತನ್ನನ್ನು ತಾನು ಕಂಡುಕೊಳ್ಳುವ ಕಥೆಗೊಂದು ಸಿದ್ಧ ಅಚ್ಚಿದೆ. ಯಾರೂ ಲೆಕ್ಕಕ್ಕಿಡದ ಮಗು, ಅದರೊಳಗೆ ಅಡಗಿದ ಶಕ್ತಿ, ಅದನ್ನು ಗುರುತಿಸುವ ಹಿರಿಯ ಜೀವ, ಕೊನೆಗೆ ಚಪ್ಪಾಳೆ. ಈ ಅಚ್ಚಿಗೆ ಒಗ್ಗದ ಚಿತ್ರಗಳು ಕೆಲವಿವೆ. ಅವುಗಳಲ್ಲಿ ಪ್ರತಿಭೆ ಮೊದಲ ದೃಶ್ಯಗಳಲ್ಲೇ ಕಾಣಿಸುತ್ತದೆ. ತಾಪತ್ರಯ ಶುರುವಾಗುವುದು ಅದನ್ನು ದುಡಿಮೆಗೆ ಹಚ್ಚಿದಾಗ. ಜಪಾನಿನ ಸ್ಟುಡಿಯೊ ಘಿಬ್ಲಿಯ ಎರಡು ಅನಿಮೇಶನ್ ಚಿತ್ರಗಳೂ ಅಮೆರಿಕದ ಪಿಕ್ಸಾರ್‌ನ ಒಂದು ಚಿತ್ರವೂ ಈ ಜಾತಿಗೆ ಸೇರಿದವು.

ಮೊದಲನೆಯದು ಹಯಾವೊ ಮಿಯಾಝಾಕಿ ನಿರ್ದೇಶನದ 'ಕಿಕೀಸ್ ಡೆಲಿವರಿ ಸರ್ವಿಸ್'. ತೆರೆಕಂಡದ್ದು 1989ರ ಜುಲೈನಲ್ಲಿ. ಮಾಟಗಾತಿಯರ ಕುಲದ ಪದ್ಧತಿಯಂತೆ 13 ತುಂಬಿದ ಕಿಕಿ ಒಂದು ವರ್ಷದ ಮಟ್ಟಿಗೆ ತವರು ಬಿಟ್ಟು, ಗುರುತು ಪರಿಚಯವಿಲ್ಲದ ಊರಿನಲ್ಲಿ ತನ್ನ ವಿದ್ಯೆಯನ್ನೇ ನಂಬಿ ಬದುಕಬೇಕು. ಅವಳಿಗೆ ಬರುವ ವಿದ್ಯೆ ಒಂದೇ, ಪೊರಕೆಯ ಮೇಲೆ ಹಾರುವುದು. ಅದೂ ಅಷ್ಟಕ್ಕಷ್ಟೆ. ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ವಿಸ್ಬಿ ಪಟ್ಟಣಗಳನ್ನು ನೋಡಿ ಬರೆದ ಕೊರಿಕೊ ಎಂಬ ಕಡಲೂರಿನಲ್ಲಿ ಬೇಕರಿಯ ಒಡತಿ ಒಸೊನೊ ಅವಳಿಗೆ ಕೋಣೆ ಕೊಡುತ್ತಾಳೆ. ಹುಡುಗಿ ಸಾಮಾನು ತಲುಪಿಸುವ ದಂಧೆ ತೆರೆಯುತ್ತಾಳೆ.

ಎಯಿಕೊ ಕಡೊನೊ 1985ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿ ಬಿಡಿ ಪ್ರಸಂಗಗಳ ಸರಮಾಲೆ. ಕಿಕಿಯ ಹಾರುವ ಶಕ್ತಿಯೇ ಒಂದು ದಿನ ಕುಸಿಯುವ ಬಿಕ್ಕಟ್ಟು ಮಿಯಾಝಾಕಿ ಸೇರಿಸಿದ್ದು. ಚಿತ್ರದ ತೂಕವೆಲ್ಲ ಅಲ್ಲಿದೆ. ಅದಕ್ಕೆ ಶಾಪವಿಲ್ಲ, ಖಳನಿಲ್ಲ. ಅಜ್ಜಿಯೊಬ್ಬಳು ಮೊಮ್ಮಗಳ ಹುಟ್ಟುಹಬ್ಬಕ್ಕೆ ಮೀನಿನ ಪೈ ಕಳಿಸಬೇಕು, ವಿದ್ಯುತ್ ಒಲೆ ಕೆಟ್ಟಿದೆ. ಕಿಕಿ ಸೌದೆ ಒಲೆ ಹೊತ್ತಿಸಿ ಪೈ ಬೇಯಲು ನೆರವಾಗಿ, ಮಳೆಯಲ್ಲಿ ತೊಯ್ದು ಅದನ್ನು ಒಯ್ಯುತ್ತಾಳೆ. ಮೊಮ್ಮಗಳು ಮೂಗು ಮುರಿದು ಬಾಗಿಲು ಹಾಕಿಕೊಳ್ಳುತ್ತಾಳೆ. ಜ್ವರ ಬಂದು ಇಳಿಯುತ್ತದೆ. ಆಮೇಲೊಂದು ದಿನ ಜೊತೆಗಾರ ಕರಿಬೆಕ್ಕು ಜಿಜಿಯ ಮಾತು ಬರೀ ಮಿಯಾಂವ್ ಆಗಿ ಕೇಳಿಸುತ್ತದೆ. ಪೊರಕೆ ನೆಲ ಬಿಟ್ಟು ಏಳುವುದಿಲ್ಲ. ಆಡಿ ನಲಿಯುತ್ತಿದ್ದ ವಿದ್ಯೆ ಹೊಟ್ಟೆಪಾಡಾದ ಮೇಲೆ ಒಣಗಿಹೋಗುವುದನ್ನು ಮಕ್ಕಳ ಚಿತ್ರವೊಂದು ಇಷ್ಟು ನೇರವಾಗಿ ತೋರಿಸಿದ್ದು ಅಪರೂಪ.

ಪರಿಹಾರವೂ ಮಂತ್ರದಿಂದ ಬರುವುದಿಲ್ಲ. ಕಾಡಿನ ಗುಡಿಸಲಲ್ಲಿರುವ ಚಿತ್ರಕಾರ್ತಿ ಅರ್ಸುಲಾ ತನಗೂ ಹೀಗಾದದ್ದಿದೆ ಎನ್ನುತ್ತಾಳೆ. ಕುಂಚ ನಿಂತುಹೋದ ದಿನಗಳಲ್ಲಿ, ಅದುವರೆಗೆ ತಾನು ಬರೆದದ್ದೆಲ್ಲ ಬೇರೆಯವರ ನಕಲೆಂದು ಅವಳಿಗೆ ಹೊಳೆದಿತ್ತು. ಅವಳ ಸಲಹೆ ತೀರಾ ಸಾದಾ: ಬರೆದೂ ಬರೆದೂ ನೋಡು, ಆಗದಿದ್ದರೆ ಬಿಟ್ಟು ತಿರುಗಾಡು, ನಿದ್ದೆ ಮಾಡು. ಜಪಾನಿ ಅವತರಣಿಕೆಯಲ್ಲಿ ಕಿಕಿ, ಅರ್ಸುಲಾ ಇಬ್ಬರಿಗೂ ದನಿ ಕೊಟ್ಟವರು ಒಬ್ಬರೇ, ಮಿನಾಮಿ ತಕಾಯಾಮಾ. ಹಾಗಾಗಿ ಗುಡಿಸಲಿನ ಮಾತುಕತೆ ಹುಡುಗಿಯೊಬ್ಬಳು ತನ್ನ ಮುಂದಿನ ವಯಸ್ಸಿನೊಡನೆ ಆಡಿದಂತೆಯೂ ಕೇಳುತ್ತದೆ.

ಕೊನೆಯಲ್ಲಿ ಆಕಾಶನೌಕೆಯಿಂದ ನೇತುಬಿದ್ದ ಗೆಳೆಯ ತೊಂಬೊನನ್ನು ಉಳಿಸಲು ಕಿಕಿ ಬೀದಿ ಗುಡಿಸುವವನ ಬ್ರಷ್ ಎರವಲು ಪಡೆದು ಮತ್ತೆ ಹಾರುತ್ತಾಳೆ, ಓಲಾಡುತ್ತ, ಗೋಡೆಗೆ ಬಡಿಯುತ್ತ. ಬೆಕ್ಕಿನ ಮಾತು ಮಾತ್ರ ಮೂಲ ಚಿತ್ರದಲ್ಲಿ ಮರಳುವುದಿಲ್ಲ. 1998ರ ಡಿಸ್ನಿ ಇಂಗ್ಲಿಷ್ ಡಬ್ಬಿಂಗ್ ಅಲ್ಲಿ ಜಿಜಿಯ ಬಾಯಿಗೆ ಒಂದು ಸಾಲು ತುರುಕಿ ಈ ನಷ್ಟವನ್ನು ಅಳಿಸಿಹಾಕಿತು. ಜಪಾನಿ ಧ್ವನಿಯಲ್ಲೇ ನೋಡಲು ಈ ಒಂದು ಕಾರಣ ಸಾಕು.

1995ರ 'ವಿಸ್ಪರ್ ಆಫ್ ದ ಹಾರ್ಟ್' ಯೊಶಿಫುಮಿ ಕೊಂಡೊ ನಿರ್ದೇಶಿಸಿದ ಏಕೈಕ ಪೂರ್ಣಪ್ರಮಾಣದ ಚಿತ್ರ. 1998ರಲ್ಲಿ, 47ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವೊಯಿ ಹಿರಾಗಿಯ ಕಾಮಿಕ್ಸ್ ಕಥೆಗೆ ಚಿತ್ರಕಥೆ ಬರೆದವರು ಮಿಯಾಝಾಕಿ. ಇದರಲ್ಲಿ ಮಾಟವಿಲ್ಲ. ಟೋಕಿಯೊದ ಪಶ್ಚಿಮಕ್ಕಿರುವ ತಾಮಾ ಬಡಾವಣೆಯ ಇಕ್ಕಟ್ಟು ಫ್ಲಾಟು, ರೈಲು, ಗ್ರಂಥಾಲಯ, ಪ್ರವೇಶ ಪರೀಕ್ಷೆಯ ಒತ್ತಡ. ಪುಸ್ತಕದ ಹುಳು ಶಿಝುಕು, ತಾನು ಎರವಲು ತರುವ ಪುಸ್ತಕಗಳ ಚೀಟಿಯಲ್ಲೆಲ್ಲ ಮೊದಲೇ ಇರುವ ಸೆಯ್ಜಿ ಎಂಬ ಹೆಸರಿನ ಬೆನ್ನು ಹತ್ತುತ್ತಾಳೆ. (ಬಾರ್‌ಕೋಡ್ ಬಂದರೆ ಈ ಚೀಟಿಗಳು ಇರುವುದಿಲ್ಲವೆಂಬ ಮಾತು ಚಿತ್ರದಲ್ಲೇ ಬರುತ್ತದೆ, ಇಂಥ ಪ್ರೇಮಕಥೆ ಈಗ ಹುಟ್ಟಲಾರದು.) ಆ ಹುಡುಗ ಪಿಟೀಲು ತಯಾರಿಸುವ ಕಸುಬು ಕಲಿಯಲು ಇಟಲಿಯ ಕ್ರೆಮೋನಾಕ್ಕೆ ಎರಡು ತಿಂಗಳ ಪರೀಕ್ಷಾರ್ಥ ಹೊರಡುತ್ತಾನೆ. ಗುರಿ ಗೊತ್ತಿರುವವನ ಎದುರು ತನಗೇನೂ ಗೊತ್ತಿಲ್ಲವೆಂಬ ಸಂಕಟ ಹುಡುಗಿಯನ್ನು ಹಿಡಿಯುತ್ತದೆ. ಅವನು ಮರಳುವಷ್ಟರಲ್ಲಿ ಒಂದು ಕಥೆ ಬರೆದು ಮುಗಿಸುವೆನೆಂದು ಹಟ ತೊಡುತ್ತಾಳೆ.

ಚಿತ್ರದ ಜಾಣ್ಮೆ ಕಾಣುವುದು ಇದರ ಬೆಲೆಯನ್ನು ಲೆಕ್ಕ ಹಾಕುವಲ್ಲಿ. ಅಂಕಗಳು ಕುಸಿಯುತ್ತವೆ, ಅಕ್ಕ ರೇಗುತ್ತಾಳೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಅಪ್ಪ ಸಿಗರೇಟು ಸೇದುತ್ತ ಯೋಚಿಸಿ ಒಪ್ಪಿಗೆ ಕೊಡುತ್ತಾನೆ. ಎಲ್ಲರಂತೆ ಬದುಕದವರು ಏನೇ ಆದರೂ ಬೇರೆಯವರನ್ನು ದೂರುವಂತಿಲ್ಲ ಎಂಬ ಎಚ್ಚರಿಕೆಯನ್ನೂ ಕೊಡುತ್ತಾನೆ. ಬರೆದು ಮುಗಿಸಿದ ಕಥೆ ಹಸಿಹಸಿ. ಸೆಯ್ಜಿಯ ಅಜ್ಜ ಅದನ್ನು ಓದುವವರೆಗೆ ಚಳಿಯಲ್ಲಿ ಕಾದ ಶಿಝುಕು, ತಾನಿನ್ನೂ ಕಲಿಯುವುದು ಬೇಕಾದಷ್ಟಿದೆ ಎಂದು ಅತ್ತುಬಿಡುತ್ತಾಳೆ. ಮುದುಕ ಅವಳನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ, ಬಿಸಿ ಊಟ ಬಡಿಸುತ್ತಾನೆ. ಅವಳು ಓದಿಗೆ ಮರಳುತ್ತಾಳೆ. ಗೆಲ್ಲದಿದ್ದರೂ ಪರೀಕ್ಷೆ ಪರೀಕ್ಷೆಯೇ ಎಂಬ ಈ ಪ್ರಾಮಾಣಿಕತೆಯ ನಂತರ ಸೂರ್ಯೋದಯದ ಮದುವೆ ಪ್ರಸ್ತಾಪ ಅವಸರದ್ದೆನಿಸುತ್ತದೆ.

ಪೀಟ್ ಡಾಕ್ಟರ್ ನಿರ್ದೇಶಿಸಿ, ಕೆಂಪ್ ಪವರ್ಸ್ ಸಹನಿರ್ದೇಶಿಸಿದ 'ಸೋಲ್' 2020ರ ಕ್ರಿಸ್‌ಮಸ್ ದಿನ ಬಿಡುಗಡೆಯಾಯಿತು. ನ್ಯೂಯಾರ್ಕಿನ ಶಾಲಾ ಸಂಗೀತ ಮೇಷ್ಟ್ರು ಜೋ ಗಾರ್ಡನರ್‌ಗೆ ಗುರಿಯ ಬಗ್ಗೆ ಅನುಮಾನವೇ ಇಲ್ಲ: ಜಾಝ್ ಪಿಯಾನೊ. ಅವಕಾಶ ಸಿಕ್ಕ ದಿನವೇ ಮ್ಯಾನ್‌ಹೋಲ್‌ಗೆ ಬಿದ್ದು ಆತ್ಮಲೋಕ ಸೇರುತ್ತಾನೆ. ಅಲ್ಲಿ ಭೂಮಿಗೆ ಹೋಗಲೊಲ್ಲದ '22' ಎಂಬ ಆತ್ಮ ಅವನಿಗೆ ಗಂಟುಬೀಳುತ್ತದೆ. ಕೊನೆಗೂ ಭೂಮಿಗೆ ಮರಳಿ ಜಾಝ್ ಕಲಾವಿದೆ ಡೊರೊತಿಯಾ ವಿಲಿಯಮ್ಸ್ ತಂಡದೊಡನೆ ನುಡಿಸಿದ ರಾತ್ರಿ ಅವನು ಮುಂದೇನೆಂದು ಕೇಳುತ್ತಾನೆ. ನಾಳೆ ಮತ್ತೆ ಬಂದು ಇದನ್ನೇ ಮಾಡುವುದು ಎಂಬ ಉತ್ತರ ಸಿಗುತ್ತದೆ. ಆತ್ಮಲೋಕದ ಯಂತ್ರಾಂಗದ ವಿವರಣೆ ಈ ಚಿತ್ರಕ್ಕೆ ತುಸು ಭಾರವೇ. ಕ್ಷೌರಿಕ ಡೆಜ್‌ನ ಅಂಗಡಿಯ ದೃಶ್ಯ ಅದಕ್ಕಿಂತ ಎಷ್ಟೋ ಮೇಲು: ಪಶುವೈದ್ಯನಾಗಬೇಕೆಂದಿದ್ದವನು ಮಗಳ ಕಾಯಿಲೆಯಿಂದಾಗಿ ಅಗ್ಗದ ಕಸುಬು ಕಲಿತ, ಈಗ ಅದರಲ್ಲೇ ಖುಷಿಯಾಗಿದ್ದಾನೆ. ಇಷ್ಟು ವರ್ಷದ ಗೆಳೆಯನ ಈ ಕಥೆಯನ್ನು ಜೋ ಒಮ್ಮೆಯೂ ಕೇಳಿರಲಿಲ್ಲ. ಜೋ ಮುಂದೆ ಶಾಲೆಗೆ ಹೋದನೋ ತಂಡ ಸೇರಿದನೋ, ಚಿತ್ರ ಹೇಳುವುದಿಲ್ಲ.

ಮೂರೂ ಎರಡು ಗಂಟೆಯೊಳಗಿನ ಚಿತ್ರಗಳು. ಕಿಕಿಯನ್ನು ಐದಾರು ವರ್ಷದ ಮಕ್ಕಳೂ ನೋಡಬಹುದು. ಶಿಝುಕುವಿನ ನಿಧಾನಗತಿಗೆ ಹೈಸ್ಕೂಲಿನ ವಯಸ್ಸು ಬೇಕು. 'ಸೋಲ್'ನಲ್ಲಿ ಸಾವಿನ ಪ್ರಸ್ತಾಪ ಉದ್ದಕ್ಕೂ ಇರುವುದರಿಂದ ಪುಟ್ಟ ಮಕ್ಕಳು ನಡುವೆಯೇ ಪ್ರಶ್ನೆ ಕೇಳುತ್ತಾರೆ. ಅದನ್ನು ಹೆಚ್ಚು ಮೆಚ್ಚುವವರು, ಬಹುಶಃ, ಅವರ ಪಕ್ಕದಲ್ಲಿ ಕೂತ ನಲವತ್ತರ ಅಪ್ಪ ಅಮ್ಮಂದಿರೇ.