ಕಲ್ಲಿಗೆ ರಕ್ಷಣೆ, ನೆಲಕ್ಕೆ?

ಊರಿಗೆ ಹೋದಾಗ ಮಕ್ಕಳಿಗೆ ಹಂಪಿ ತೋರಿಸದ ಕುಟುಂಬ ನಮ್ಮ ಕೂಟದಲ್ಲಿ ಕಡಿಮೆ. ವಿರೂಪಾಕ್ಷ ದೇವಾಲಯದ ಬಳಿ ತುಂಗಭದ್ರೆಯನ್ನು ದಾಟಿದರೆ ಸಿಗುವ ವಿರೂಪಾಪುರ ಗಡ್ಡೆಯ ರೆಸಾರ್ಟುಗಳಲ್ಲಿ ತಂಗಿದವರೂ ಇರಬಹುದು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವುಗಳನ್ನು ಅಕ್ರಮವೆಂದಿತು. ಮಾರ್ಚ್‌ನಲ್ಲಿ ತೆರವು ನಡೆಯಿತು. ಇದನ್ನು ಪರಂಪರೆಯ ಗೆಲುವೆಂದು ಹಲವರು ಹೊಗಳಿದರು. ತೀರ್ಪು ಸರಿಯೇ. ಆದರೆ ಆ ಪ್ರಕರಣ ನಮ್ಮ ಕಾನೂನಿನ ಬಲಕ್ಕಿಂತ ಅದರ ಸಂದುಗಳನ್ನೇ ಹೆಚ್ಚು ತೋರಿಸುತ್ತದೆ ಎಂಬುದು ನನ್ನ ವಾದ.

ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ‘ಸಂರಕ್ಷಿತ ಸ್ಮಾರಕ’ ಬೇರೆ, ‘ಸಂರಕ್ಷಿತ ಪ್ರದೇಶ’ ಬೇರೆ. ಸ್ಮಾರಕ ಎಂದರೆ ಗುಡಿ, ಮಂಟಪ. ಪ್ರದೇಶ ಎಂದರೆ ಸುತ್ತಲಿನ ನೆಲವೂ ಸೇರಿತು. ಅಲ್ಲಿ ಅನುಮತಿಯಿಲ್ಲದೆ ಜಮೀನಿನ ಮಾಲೀಕನೂ ಕಟ್ಟುವಂತಿಲ್ಲ. 1988ರ ಸರ್ಕಾರಿ ಅಧಿಸೂಚನೆ ರಕ್ಷಿಸಿದ್ದು ಸ್ಮಾರಕಗಳನ್ನು ಮಾತ್ರ, ಇಡೀ ಗಡ್ಡೆಯನ್ನಲ್ಲ ಎಂಬುದು ರೆಸಾರ್ಟಿನವರ ಮುಖ್ಯ ವಾದ. ಹೈಕೋರ್ಟ್ 2015ರಲ್ಲಿ, ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಒಪ್ಪಲಿಲ್ಲ. ಆದರೂ ಅಧಿಸೂಚನೆಯಿಂದ ಕೊನೆಯ ತೀರ್ಪಿನವರೆಗೆ 31 ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ವಾದ ಸೋತರೂ ವ್ಯಾಪಾರ ಅಷ್ಟು ಕಾಲ ನಡೆಯಿತು. ಕಾನೂನಿನ ದೊಡ್ಡ ಸಂದು ಪದಗಳಲ್ಲಿಲ್ಲ, ವಿಳಂಬದಲ್ಲಿದೆ.

ಈ ವಿಳಂಬದ ಲಾಭ ಎಲ್ಲರಿಗೂ ಒಂದೇ ಸಮನಾಗಿ ಸಿಗುವುದಿಲ್ಲ. ಹೊಳೆಯ ಈಚೆ, ವಿರೂಪಾಕ್ಷನ ಎದುರಿನ ಹಂಪಿ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಮಂಟಪದಲ್ಲಿ ಗೋಡೆ ಎಬ್ಬಿಸುವುದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಚಹಾ ಅಂಗಡಿಯವರ ಮೇಲೆ ಜೆಸಿಬಿ ಬಂದ ಮೇಲೂ ಎದುರು ದಡದ ರೆಸಾರ್ಟುಗಳು ಎಂಟು ವರ್ಷಕ್ಕೂ ಹೆಚ್ಚು ಕಾಲ ಉಳಿದವು.

ಕೇಂದ್ರದ ಕಾಯ್ದೆಯಲ್ಲೂ ಇಂಥದೇ ಸಂದು ಉಂಟು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡಗಳನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಮಾಡು ಸೋರುವ ಮನೆಯವರಿಗೆ ಈ ವಿನಾಯಿತಿ ಬೇಕೇ ಬೇಕು. ತೊಂದರೆ ಬೇರೆಡೆ ಇದೆ: ಅಂದು ಅಲ್ಲಿ ಏನಿತ್ತು ಎಂಬುದಕ್ಕೆ ನಕ್ಷೆ, ಅಳತೆ, ಚಿತ್ರ ಇಲ್ಲದ ಕಡೆ ದುರಸ್ತಿಯ ಹೆಸರಿನಲ್ಲಿ ಹೊಸ ಮಹಡಿಯೇ ಏಳಬಹುದು. ನಿಷೇಧ ಮೀರಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬರೀ ದಂಡವಾದರೆ ಹೋಟೆಲಿನವರಿಗೆ ಅದು ಒಂದು ಖರ್ಚಿನ ಬಾಬತ್ತು ಅಷ್ಟೆ.

ಹಾಗೆಂದು ವಿನಾಯಿತಿಗಳನ್ನೇ ಕಿತ್ತುಹಾಕಿದರೆ ಪೆಟ್ಟು ಬೀಳುವುದು ಬಡವರಿಗೆ. ಬೇಕಾದದ್ದು ಸರ್ವೆ ನಂಬರ್ ಸಹಿತ ಗಡಿ ಗುರುತಿಸಿ, ಕನ್ನಡದಲ್ಲಿ ಬರೆದು, ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚುವ ಕೆಲಸ. ಅಡಿಪಾಯ ತೋಡುವ ದಿನವೇ ತಡೆದರೆ, ಮೂವತ್ತು ವರ್ಷದ ನಂತರ ಕೆಡವುವ ಪ್ರಸಂಗ ಬರುವುದಿಲ್ಲ.

ಹೊರದೇಶದಲ್ಲಿ ದುಡಿದ ಹಣವನ್ನು ಊರಿನ ಹೋಂಸ್ಟೇ, ಸೈಟುಗಳಲ್ಲಿ ತೊಡಗಿಸುವ ನಮಗೂ ಇದರಲ್ಲಿ ಹೊಣೆಯಿದೆ. ಹಂಪಿಯಾಗಲಿ, ಬಾದಾಮಿಯಾಗಲಿ, ಮುಂಗಡ ಕೊಡುವ ಮುನ್ನ ಸರ್ವೆ ನಂಬರ್ ಕೇಳಿ, ಅದು ಸಂರಕ್ಷಿತ ಪ್ರದೇಶದಲ್ಲಿದೆಯೇ ಎಂದು ವಿಚಾರಿಸೋಣ. ‘ಎಲ್ಲಾ ಅಡ್ಜಸ್ಟ್ ಆಗುತ್ತೆ ಸಾರ್’ ಎಂಬ ಉತ್ತರ ಬಂದರೆ, ಅಲ್ಲಿಂದ ಎದ್ದು ಬರುವುದೇ ಸರಿ.