ಹಳೆಯ ದೋಣಿಗೆ ಹೊಸ ನೆಲ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಮೀನು ಹಿಡಿಯುವವರ ಕೈಗೆ ಅಲ್ಯೂಮಿನಿಯಂ ದೋಣಿ ಬಂತು. ಅಂಥ ದೋಣಿ ಕಟ್ಟುವ ಲುಂಡ್ ಕಂಪನಿ ಶುರುವಾದದ್ದು 1948ರಲ್ಲಿ. ಇಂಥ ದೋಣಿಗಳ ಲೋಹದ ಒಡಲು ದಶಕಗಳ ಕಾಲ ಬಾಳುತ್ತದೆ. ಮೊದಲು ಸೋಲುವುದು ಒಳಗಿನ ಪ್ಲೈವುಡ್ ನೆಲ.

ಅದನ್ನು ಬದಲಿಸುವವರ ತಾಳ್ಮೆ ನನಗೆ ಅಚ್ಚುಮೆಚ್ಚು. ಕೊಳೆತ ಹಲಗೆಯನ್ನೂ ಅವರು ಕೂಡಲೇ ಎಸೆಯುವುದಿಲ್ಲ. ಹೊಸದನ್ನು ಕೊಯ್ಯಲು ಅದೇ ಅಳತೆ. ಅಡಿಯ ಫೋಮ್ ನೀರು ಕುಡಿದು ಭಾರವಾಗಿದ್ದರೆ ಅದನ್ನೂ ಬದಲಿಸುತ್ತಾರೆ. ನೀರು ನುಗ್ಗಿದರೂ ದೋಣಿ ತೇಲುವುದು ಅದರಿಂದಲೇ. ಒಳಗೆ ನೀರು ತುಂಬಿಸಿ ಸೋರುವ ರಿವೆಟ್‌ಗಳನ್ನು ಗುರುತು ಮಾಡಲೂ ನೆಲ ತೆಗೆದಿರುವ ಇದೇ ಸರಿಯಾದ ಹೊತ್ತು.

ನಿಜವಾದ ಕುಸುರಿ ಇರುವುದು ಅಂಚಿನಲ್ಲಿ, ತೂತಿನಲ್ಲಿ. ಪ್ಲೈವುಡ್ ನೀರು ಹೀರುವುದು ಹೆಚ್ಚಾಗಿ ಅಲ್ಲಿಂದಲೇ. ಅಂಚಿಗೆಲ್ಲ ಎಪಾಕ್ಸಿ ಬಳಿಯುತ್ತಾರೆ. ಸ್ಕ್ರೂ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಟ್ಟನಡುವೆ ಮತ್ತೆ ಸಣ್ಣ ತೂತು ಕೊರೆಯುತ್ತಾರೆ. ಸ್ಕ್ರೂ ಮರವನ್ನು ಮುಟ್ಟುವುದೇ ಇಲ್ಲ! ಕಾರ್ಪೆಟ್ಟಿನಡಿ ಮುಚ್ಚಿಹೋಗುವ ಈ ಕೆಲಸಕ್ಕೆ ಇಡೀ ದಿನ ಕೊಡುವವರಿಗೆ ನಾನು ಕೈಮುಗಿಯುತ್ತೇನೆ.

ನೀವೂ ಈ ಕೆಲಸಕ್ಕೆ ಕೈಹಾಕುವುದಾದರೆ ಒಂದು ಮಾತು: ಕೊಳೆಯದಿರಲೆಂದು ತಾಮ್ರದ ರಾಸಾಯನಿಕ ಉಣಿಸಿದ ಪ್ಲೈವುಡ್ ಹಾಕಬೇಡಿ. ಒದ್ದೆಯಾದಾಗ ಆ ತಾಮ್ರ ಅಲ್ಯೂಮಿನಿಯಂ ಒಡಲನ್ನೇ ತಿನ್ನುತ್ತದೆ.