ಬಾಗದ ಗಾಡಿಗೆ ಬಾಗುವ ಎಂಜಿನ್ನು

ಬೈಕು ತಿರುವಿನಲ್ಲಿ ಬಾಗುತ್ತದೆ, ಕಾರು ಬಾಗುವುದಿಲ್ಲ. ಇದು ಮಕ್ಕಳಿಗೂ ಗೊತ್ತು. ಆದರೂ ಬೈಕಿನ ಎಂಜಿನ್ನು ಬಿಚ್ಚಿ ಕಾರಿಗೆ ಕೂರಿಸಹೊರಟವರು ಮೊದಲು ಮರೆಯುವುದು ಇದನ್ನೇ. ಬೈಕು ಎಷ್ಟೇ ಬಾಗಲಿ, ಅದರ ಸಂಪಿನಲ್ಲಿರುವ ಎಣ್ಣೆಯ ಪಾಲಿಗೆ ಎಂಜಿನ್ನು ನೆಟ್ಟಗೇ ನಿಂತಿರುತ್ತದೆ; ಭೂಮಿಯ ಸೆಳೆತ, ತಿರುವಿನ ತಳ್ಳಾಟ ಎರಡೂ ಕೂಡಿ ಎಣ್ಣೆಯನ್ನು ತಳಕ್ಕೇ ಒತ್ತುತ್ತವೆ. ಅದೇ ಎಂಜಿನ್ನು ಕಾರಿನೊಳಗೆ ಕುಳಿತು 1 ಜಿ ಬಲದಲ್ಲಿ ತಿರುಗಿದಾಗ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲಿ ಸಂಪಿನ ಒಂದು ಗೋಡೆ ಹತ್ತುತ್ತದೆ. ಪಂಪಿನ ಬಾಯಿಗೆ ಸಿಗುವುದು ಗಾಳಿ. ನಿಮಿಷಕ್ಕೆ 10,000 ಸುತ್ತು ತಿರುಗುವ ಬೇರಿಂಗಿಗೆ ಕೆಲವೇ ಸೆಕೆಂಡು ಎಣ್ಣೆ ತಪ್ಪಿದರೂ ಸಾಕು, ಕನೆಕ್ಟಿಂಗ್ ರಾಡು ಎಂಜಿನ್ನಿನ ಗೋಡೆ ಒಡೆದು ಹೊರಗಿಣುಕುತ್ತದೆ.

ಬ್ರಿಟನ್ನಿನ ಕಿಟ್ ಕಾರ್ ಹವ್ಯಾಸಿಗಳು ವರ್ಷಗಟ್ಟಲೆಯಿಂದ ಜಗಳಾಡುತ್ತ ಬಂದಿರುವ ಪ್ರಶ್ನೆ ಇದು: ಮನೆಯಲ್ಲೇ ಕಟ್ಟುವ ಕಾರಿಗೆ ಕಾರಿನ ಎಂಜಿನ್ನೋ, ಬೈಕಿನದೋ? ಕಿಟ್ ಕಾರ್ ಎಂದರೆ ಚಾಸಿ, ಬಾಡಿ, ಸಸ್ಪೆನ್ಷನ್ ಎಲ್ಲ ಬಿಡಿಬಿಡಿಯಾಗಿ ತಂದು, ಯಾವುದೋ ಹಳೆಯ ಗಾಡಿಯ ಎಂಜಿನ್ನು ಕಿತ್ತು ಹಾಕಿ, ವಾರಾಂತ್ಯಗಳಲ್ಲಿ ಕೈ ಮಸಿ ಮಾಡಿಕೊಂಡು ತಾವೇ ಜೋಡಿಸಿಕೊಳ್ಳುವ ಕಾರು. ಈ ವಂಶದ ಮೂಲಪುರುಷ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್. ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಕಿಟ್ಟಿಗೆ ಇರಲಿಲ್ಲ. ಜೋಡಿಸುವ ಕೈಪಿಡಿ ಕೊಟ್ಟರೆ ತೆರಿಗೆ ಬೀಳುತ್ತದೆಂದು ಲೋಟಸ್ ಕಂಪನಿ ಬಿಚ್ಚುವ ಕೈಪಿಡಿ ಕೊಟ್ಟು ಹಿಂದಿನಿಂದ ಓದಿಕೊಳ್ಳಿ ಎಂದಿತಂತೆ. ನಿಜವೋ ಸುಳ್ಳೋ, ಕಾರುಪ್ರಿಯರು ಈ ಕಥೆಯನ್ನು ಬಿಟ್ಟುಕೊಡಲು ತಯಾರಿಲ್ಲ. 1973ರಲ್ಲಿ ವ್ಯಾಟ್ ಬಂದು ತೆರಿಗೆಯ ಲಾಭ ಹೋಯಿತು, ಸೆವೆನ್ನಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಕೈಗೆ ಬಂತು. 1996ರಲ್ಲಿ ರಾನ್ ಚಾಂಪಿಯನ್ ಬರೆದ ಪುಸ್ತಕವೊಂದು ಬರೀ 250 ಪೌಂಡಿನಲ್ಲಿ ಇಂಥ ಕಾರು ಕಟ್ಟಬಹುದೆಂದು ಹೇಳಿತು. ಹಳೆಯ ಫೋರ್ಡ್ ಎಸ್ಕಾರ್ಟ್ ತನ್ನಿ, ಅದರ ಎಂಜಿನ್ನು, ಗೇರ್‌ಬಾಕ್ಸು, ಆ್ಯಕ್ಸಲ್ಲು ತೆಗೆದುಕೊಳ್ಳಿ, ಚೌಕ ಕಬ್ಬಿಣದ ಕೊಳವೆ ಬೆಸೆದು ಚಾಸಿ ಮಾಡಿ. ಅಷ್ಟೇ. (ಆ ಎಸ್ಕಾರ್ಟುಗಳೇ ಈಗ ಪುರಾತನ ವಸ್ತುಗಳಾಗಿ, ಅವನ್ನು ಒಡೆದು ಕಿಟ್ ಕಾರು ಮಾಡುವವನನ್ನು ಜನ ಹುಚ್ಚನೆಂದಾರು.)

ಅದೇ ಕಾಲಕ್ಕೆ ಜಪಾನಿನಿಂದ ಆಸೆ ಹುಟ್ಟಿಸುವ ಸರಕು ಬರತೊಡಗಿತು. 1998ರ ಯಮಹಾ ಆರ್1: 998 ಸಿಸಿ, 150 ಅಶ್ವಶಕ್ತಿ. ಮರುವರ್ಷ ಸುಜುಕಿ ಹಯಬುಸಾ: 1,299 ಸಿಸಿ, 175 ಅಶ್ವಶಕ್ತಿ. ಬಿದ್ದು ಜಖಂಗೊಂಡ ಬೈಕುಗಳ ಎಂಜಿನ್ನು ಗುಜರಿಯಲ್ಲಿ ಸಿಗುತ್ತಿತ್ತು. ಎದುರಿಗೆ ಫೋರ್ಡಿನ 2 ಲೀಟರ್ ಜೆಟೆಕ್: ಕಬ್ಬಿಣದ ಬ್ಲಾಕು, ಸುಮಾರು 130 ಅಶ್ವಶಕ್ತಿ, ಮೇಲೆ ಗೇರ್‌ಬಾಕ್ಸಿನ ಭಾರ ಬೇರೆ. ಬೈಕಿನದರಲ್ಲಾದರೋ ಎಂಜಿನ್ನು, ಕ್ಲಚ್ಚು, ಆರು ಗೇರು ಎಲ್ಲ ಒಂದೇ ಅಲ್ಯೂಮಿನಿಯಂ ಡಬ್ಬಿಯಲ್ಲಿ, ಹತ್ತಿರ ಹತ್ತಿರ ಅರ್ಧ ತೂಕದಲ್ಲಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಜಗಳಕ್ಕೆ ಜಾಗವೇ ಇಲ್ಲ. ವೆಸ್ಟ್‌ಫೀಲ್ಡ್ ಕಂಪನಿ ಮೆಗಾಬುಸಾ ಎಂಬ ಹೆಸರಿನಲ್ಲಿ, ಕೇಟರ್‌ಹ್ಯಾಮ್ ಹೋಂಡಾ ಬ್ಲ್ಯಾಕ್‌ಬರ್ಡ್ ಎಂಜಿನ್ನಿನಲ್ಲಿ ಇಂಥ ಕಾರು ಮಾರಿದವು. ಹವ್ಯಾಸಿಗಳಂತೂ ಮುಗಿಬಿದ್ದರು.

ನನ್ನ ತೀರ್ಪನ್ನು ಮುಚ್ಚಿಡುವುದಿಲ್ಲ. ಎಂಜಿನ್ನು ಮುಂದಿರುವ, ನಂಬರ್ ಪ್ಲೇಟು ಹೊತ್ತು ರಸ್ತೆಗಿಳಿಯುವ ಸೆವೆನ್ ಮಾದರಿಯ ಕಾರಿಗೆ ಬೈಕಿನ ಎಂಜಿನ್ನು ತಪ್ಪು ಆಯ್ಕೆ. ಬೈಕಿನ ಎಂಜಿನ್ನು ದುರ್ಬಲ ಎಂದಲ್ಲ, ಕಂಬಳದ ಕೋಣವೂ ದುರ್ಬಲವಲ್ಲ. ಆದರೆ ಅದನ್ನು ಸಂತೆಯ ಗಾಡಿಗೆ ಯಾರೂ ಕಟ್ಟುವುದಿಲ್ಲ.

ನಮ್ಮ ಗ್ಯಾರೇಜುಗಳಲ್ಲಿ ಹುಡುಗರು 'ಪಿಕಪ್' ಎನ್ನುತ್ತಾರೆ, 'ಎಳೆಯುತ್ತೆ' ಎನ್ನುತ್ತಾರೆ. ಎರಡೂ ಒಂದೇ ಎಂದು ಕೇಳುವವರಿಗೆ ಅನ್ನಿಸಬಹುದು, ಮೆಕ್ಯಾನಿಕ್ಕಿಗೆ ವ್ಯತ್ಯಾಸ ಗೊತ್ತು. ಹಳೆಯ ಬುಲೆಟ್ಟು ಎಳೆಯುತ್ತದೆ, ಪಿಕಪ್ ಇಲ್ಲ. ಹಯಬುಸಾ ಎಂಜಿನ್ನಿನ ಗರಿಷ್ಠ ಎಳೆತ, ಅಂದರೆ ಟಾರ್ಕು, 138 ನ್ಯೂಟನ್ ಮೀಟರ್. ಅದು ಸಿಗುವುದು 7,000 ಸುತ್ತಿನಲ್ಲಿ. ಬೈಕಿನ ಒಣ ತೂಕ 215 ಕಿಲೊ, ಸವಾರನನ್ನೂ ಪೆಟ್ರೋಲನ್ನೂ ಸೇರಿಸಿದರೆ 300ರ ಆಚೀಚೆ. ಅಷ್ಟನ್ನು ತಳ್ಳುವುದಕ್ಕೆಂದೇ ಆ ಕ್ಲಚ್ಚಿನ ತಟ್ಟೆಗಳನ್ನು ಅಳೆದು ಮಾಡಿರುತ್ತಾರೆ. ಇಬ್ಬರು ಕುಳಿತ ಸೆವೆನ್ ಎಷ್ಟೇ ಹಗುರವೆಂದರೂ ಅದರ ಇಮ್ಮಡಿ ಭಾರ. ಫ್ಲೈವೀಲೆಂದು ಹೇಳಿಕೊಳ್ಳುವ ತೂಕವೂ ಆ ಎಂಜಿನ್ನಿಗಿಲ್ಲವಾದ್ದರಿಂದ ಏರಿನಲ್ಲಿ ಸಿಗ್ನಲ್ಲು ಬಿದ್ದರೆ ಎರಡೇ ದಾರಿ: ರೇಸ್ ಕೊಟ್ಟು ಹಾಫ್ ಕ್ಲಚ್ಚಿನಲ್ಲಿ ತಟ್ಟೆ ಸುಡುವುದು, ಇಲ್ಲವೇ ಗಾಡಿ ಆಫ್ ಮಾಡಿಕೊಂಡು ಹಿಂದಿನವರ ಹಾರನ್ನು ಕೇಳುವುದು.

ಟಾರ್ಕಿನ ವಾದವನ್ನು ಬೈಕ್ ಪಕ್ಷದವರು ಒಪ್ಪುವುದಿಲ್ಲ, ಅವರ ಉತ್ತರದಲ್ಲಿ ಹುರುಳಿದೆ. ಚಕ್ರಕ್ಕೆ ಮುಟ್ಟುವ ಬಲ ಗೇರಿನ ಗುಣಾಕಾರದ ಮೇಲೆ ನಿಂತಿದೆ. ಹೆಚ್ಚು ಸುತ್ತುವ ಎಂಜಿನ್ನಿಗೆ ಕೆಳಗಿನ ಗೇರು ಕೊಟ್ಟರೆ ಕಡಿಮೆ ಟಾರ್ಕೂ ಚಕ್ರದಲ್ಲಿ ದೊಡ್ಡದಾಗುತ್ತದೆ. ಗಣಿತ ಸರಿ. ಆದರೆ ಆ ಗೇರು ಎಲ್ಲಿಂದ ತರುವುದು? ಬೈಕಿನಲ್ಲಿ ಸ್ಪ್ರಾಕೆಟ್ಟಿನ ಹಲ್ಲು ಬದಲಿಸಿದರೆ ಆಯಿತು. ಸೆವೆನ್ನಿನಲ್ಲಿ ಹಿಂದಿನ ಆ್ಯಕ್ಸಲ್ಲು ಫೋರ್ಡ್ ಕಾರಿನದು, ಅದರ ಅನುಪಾತವನ್ನು ಫೋರ್ಡಿನವರು ತಮ್ಮ ನಿಧಾನದ ಎಂಜಿನ್ನಿಗೆ ತಕ್ಕಂತೆ ಆರಿಸಿದ್ದು. ಅದನ್ನೇ ಇಟ್ಟುಕೊಂಡರೆ ಹೊರಡುವಾಗ ಕಷ್ಟ. ಗಿಡ್ಡ ಅನುಪಾತ ಹಾಕಿದರೆ ಹೆದ್ದಾರಿಯಲ್ಲಿ ಎಂಜಿನ್ನು ಇಡೀ ದಿನ ಕಿರುಚುತ್ತಿರುತ್ತದೆ. ಕಿವಿಗೆ ಪ್ಲಗ್ಗಿಟ್ಟುಕೊಂಡು ಪ್ರಯಾಣ ಹೋಗುವುದರಲ್ಲಿ ಕೆಲವರಿಗೆ ಸುಖವಿರಬಹುದು, ನನಗಿಲ್ಲ.

ಇನ್ನು ರಿವರ್ಸು. ಹೋಂಡಾ ಗೋಲ್ಡ್‌ವಿಂಗಿನಂಥ ಒಂದೆರಡು ದೈತ್ಯರನ್ನು ಬಿಟ್ಟರೆ ಬೈಕಿಗೆ ಹಿಂದಕ್ಕೆ ಹೋಗುವ ಗೇರಿಲ್ಲ. ಕಾರಿಗೆ ಬೇಕು. ಹಾಗಾಗಿ ಪ್ರೊಪೆಲ್ಲರ್ ಶಾಫ್ಟಿನ ನಡುವೆ ಪ್ರತ್ಯೇಕ ರಿವರ್ಸ್ ಡಬ್ಬಿ ಕೂರಿಸುತ್ತಾರೆ, ಇಲ್ಲವೇ ಸ್ಟಾರ್ಟರ್ ಮೋಟರೊಂದನ್ನು ಹಚ್ಚಿ ಬ್ಯಾಟರಿಯ ಬಲದಿಂದ ಹಿಂದೆ ಸರಿಸುತ್ತಾರೆ. ಸಂಪನ್ನು ಕತ್ತರಿಸಿ ಗಿಡ್ಡ ಮಾಡಬೇಕು, ಇಲ್ಲದಿದ್ದರೆ ಅದು ನೆಲ ತಾಗುತ್ತದೆ. ಒಳಗೆ ಎಣ್ಣೆ ಓಡದಂತೆ ತಡೆಗೋಡೆ ಬೇಕು, ಅಥವಾ ಎಣ್ಣೆಯನ್ನು ಬೇರೆ ತೊಟ್ಟಿಯಲ್ಲಿಡುವ ಡ್ರೈ ಸಂಪ್. ಇಲ್ಲೊಂದು ಸ್ವಾರಸ್ಯವಿದೆ. ಬೈಕಿನಲ್ಲಿ ಕ್ರ್ಯಾಂಕು ಅಡ್ಡಕ್ಕಿರುತ್ತದೆ. ಸೆವೆನ್ನಿನಲ್ಲಿ ಶಾಫ್ಟು ಹಿಂದಕ್ಕೆ ಹೋಗಬೇಕಾದ್ದರಿಂದ ಇಡೀ ಎಂಜಿನ್ನನ್ನು 90 ಡಿಗ್ರಿ ತಿರುಗಿಸಿ ಇಡುತ್ತಾರೆ. ಬೈಕಿನಲ್ಲಿ ಬ್ರೇಕ್ ಹಿಡಿದಾಗ ಎಣ್ಣೆ ಓಡುತ್ತಿದ್ದ ದಿಕ್ಕಿನಲ್ಲಿ ಈಗ ತಿರುವು ತೆಗೆದುಕೊಂಡಾಗ ಓಡುತ್ತದೆ. ಒಳಗಿನ ಪಂಪಿಗೆ, ಪಾಪ, ಇದನ್ನು ಯಾರೂ ಹೇಳಿಲ್ಲ. ಇಷ್ಟೆಲ್ಲ ತೇಪೆಗಳ ತೂಕವನ್ನೂ ಬೆಲೆಯನ್ನೂ ಕೂಡಿಸಿದ ಮೇಲೆ ಮೊದಲಿನ ಲೆಕ್ಕ ಮೊದಲಿನಷ್ಟು ಚೆಂದ ಕಾಣುವುದಿಲ್ಲ.

ಕಾರಿನ ಎಂಜಿನ್ನೂ ಸುಲಭದ ತುತ್ತಲ್ಲ. ಈಗಿನ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಓಡುವವು, ಅವುಗಳ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಹಿಂಚಕ್ರದ ಗೇರ್‌ಬಾಕ್ಸಿಗೆ ಜೋಡಿಸಬೇಕು. ಹಿಂಚಕ್ರದಿಂದ ಓಡುವ ಮಾಜ್ದಾ ಎಂಎಕ್ಸ್-5 ಬಂದ ಮೇಲೆ ಆ ತಲೆನೋವು ಕಡಿಮೆಯಾಯಿತು; ಎಂಜಿನ್ನು, ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ಮೂರೂ ಬೇಕಾದ ಕ್ರಮದಲ್ಲೇ ಸಾಲಾಗಿ ಸಿಗುತ್ತವೆ.

ಬೈಕ್ ಎಂಜಿನ್ನಿನ ಗೇರ್‌ಬಾಕ್ಸಿನ ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಒಂದೇ ಸನ್ನೆಗೋಲನ್ನು ಹಿಂದಕ್ಕೆ ಎಳೆದರೆ ಮೇಲಿನ ಗೇರು, ಮುಂದಕ್ಕೆ ತಳ್ಳಿದರೆ ಕೆಳಗಿನದು. ಮೇಲಕ್ಕೆ ಹಾಕುವಾಗ ಕ್ಲಚ್ಚಿನ ಗೊಡವೆಯೂ ಬೇಡ. ರೇಸ್ ಕಾರುಗಳಿಗೆ ಇಂಥ ಪೆಟ್ಟಿಗೆ ಹಾಕಿಸಲು ಸಾವಿರಾರು ಪೌಂಡು ಸುರಿಯಬೇಕು, ಇಲ್ಲಿ ಎಂಜಿನ್ನಿನ ಜತೆ ಪುಕ್ಕಟೆ ಬರುತ್ತದೆ. ಎಂಜಿನ್ನನ್ನು ಹೊಗಳುವವರು ಎಷ್ಟೋ ಸಲ ನಿಜವಾಗಿ ಹೊಗಳುತ್ತಿರುವುದು ಈ ಪೆಟ್ಟಿಗೆಯನ್ನೇ ಎಂದು ನನ್ನ ಗುಮಾನಿ.

ಹಾಗಾದರೆ ಬೈಕಿನ ಎಂಜಿನ್ನಿಗೆ ಕಾರಿನಲ್ಲಿ ಜಾಗವೇ ಇಲ್ಲವೆ? ಇದೆ, ಬೆನ್ನ ಹಿಂದೆ. 1946ರಲ್ಲಿ ಇಂಗ್ಲೆಂಡಿನ ಕೂಪರ್ ಎಂಬ ಅಪ್ಪ-ಮಗನ ಗ್ಯಾರೇಜು 500 ಸಿಸಿಯ ಜೆಎಪಿ ಮೋಟರ್‌ಸೈಕಲ್ ಎಂಜಿನ್ನು ಹಾಕಿ ಸಣ್ಣ ರೇಸ್ ಕಾರು ಕಟ್ಟಿತು. ಶಕ್ತಿ ಚೈನಿನ ಮೂಲಕ ಹಿಂಚಕ್ರಕ್ಕೆ ಹೋಗಬೇಕಿತ್ತು, ಚೈನು ಉದ್ದವಾದಷ್ಟೂ ಕಿರಿಕಿರಿ. ಹಾಗಾಗಿ ಎಂಜಿನ್ನನ್ನು ಚಾಲಕನ ಹಿಂದೆ ಇಟ್ಟರು. ಯಾವ ಮಹಾ ಸಿದ್ಧಾಂತವೂ ಇದರ ಹಿಂದಿರಲಿಲ್ಲ, ಬರೀ ಅನುಕೂಲ. ಮುಂದೆ ಹೆಸರಾಂತ ಚಾಲಕನಾದ ಸ್ಟರ್ಲಿಂಗ್ ಮಾಸ್ ರೇಸಿಗಿಳಿದದ್ದು ಇಂಥದೇ ಕೂಪರಿನಲ್ಲಿ. ಅದೇ ಕೂಪರ್ ಹಿಂಬದಿಯಲ್ಲಿ ಕ್ಲೈಮ್ಯಾಕ್ಸ್ ಎಂಜಿನ್ನಿಟ್ಟುಕೊಂಡು 1959 ಮತ್ತು 1960ರಲ್ಲಿ ಜ್ಯಾಕ್ ಬ್ರ್ಯಾಬಮ್‌ಗೆ ವಿಶ್ವ ಚಾಂಪಿಯನ್ ಪಟ್ಟ ತಂದಿತು, ಮುಂದಿನ ವರ್ಷಗಳಲ್ಲಿ ಗ್ರ್ಯಾನ್ ಪ್ರಿ ಕಾರುಗಳೆಲ್ಲ ಎಂಜಿನ್ನನ್ನು ಹಿಂದಕ್ಕೆ ಹಾಕಿಕೊಂಡವು.

1997ರಲ್ಲಿ ಹುಟ್ಟಿದ ರ‍್ಯಾಡಿಕಲ್ ಕಂಪನಿ ಹಿಡಿದದ್ದೂ ಇದೇ ದಾರಿ. ಸೆವೆನ್ನಿಗೆ ಬೈಕಿನ ಎಂಜಿನ್ನು ತುರುಕುವ ಬದಲು ಆ ಎಂಜಿನ್ನಿನ ಸುತ್ತ ಕಾರನ್ನೇ ಹೊಸದಾಗಿ ಕಟ್ಟಿದರು. ಹಯಬುಸಾದ ಎರಡು ಸಿಲಿಂಡರ್ ಹೆಡ್ಡುಗಳನ್ನು ಹೊಸ ಕ್ರ್ಯಾಂಕ್‌ಕೇಸಿನ ಮೇಲೆ ಕೂರಿಸಿ ವಿ8 ಮಾಡಿದರು. ಆ ಎಂಜಿನ್ನಿನ ಎಸ್‌ಆರ್8 ಕಾರು 2009ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ ಸುತ್ತನ್ನು 6 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿತು. ಇಂಥ ಎಂಜಿನ್ನುಗಳ ಆಯಸ್ಸನ್ನು ಎಣಿಸುವುದು ಗಂಟೆಗಳಲ್ಲಿ, ಕಿಲೊಮೀಟರುಗಳಲ್ಲಲ್ಲ. ರೇಸ್ ಟ್ರ್ಯಾಕಿನಲ್ಲಿ ಅದು ಯಾರಿಗೂ ದೂರಲ್ಲ.

ರಸ್ತೆಯ ಮಟ್ಟಿಗೆ ಮಾರ್ಗನ್ ಕಂಪನಿಯ ಕಥೆ ನೋಡಿ. 1910ರ ಹೊತ್ತಿಗೆ ಎಚ್.ಎಫ್.ಎಸ್. ಮಾರ್ಗನ್ ಮೂರು ಚಕ್ರದ ಗಾಡಿಯ ಮೂತಿಗೆ ವಿ-ಟ್ವಿನ್ ಮೋಟರ್‌ಸೈಕಲ್ ಎಂಜಿನ್ನು ಕಟ್ಟಿ ಮಾರತೊಡಗಿದ. 1930ರ ದಶಕದಲ್ಲಿ ಫೋರ್ಡ್ ಕಾರಿನ ಎಂಜಿನ್ನು ಪಕ್ಕಕ್ಕೆ ಬಂತು, ಕೊನೆಗೆ ಉಳಿದದ್ದು ಅದೇ. ಆ ಗಾಡಿಗಳ ತಯಾರಿಕೆ 1952ರಲ್ಲಿ ನಿಂತಿತು. 2011ರಲ್ಲಿ ಕಂಪನಿ ಹಳೆಯ ಗಾಡಿಗೆ ಮರುಜೀವ ಕೊಟ್ಟಾಗ ಮತ್ತೆ ಮೂತಿಯ ಮೇಲೆ ಅಮೆರಿಕದ ಎಸ್ ಅಂಡ್ ಎಸ್ ಕಂಪನಿಯ ಸುಮಾರು 2 ಲೀಟರಿನ ವಿ-ಟ್ವಿನ್. ಗೇರ್‌ಬಾಕ್ಸು ಮಾತ್ರ ಮಾಜ್ದಾ ಎಂಎಕ್ಸ್-5ರದು, ರಿವರ್ಸ್ ಸಮೇತ. 2022ರ ಸೂಪರ್ 3 ಮಾದರಿಯಲ್ಲಿ ಆ ವಿ-ಟ್ವಿನ್ನೂ ಹೋಗಿ ಫೋರ್ಡಿನ 1.5 ಲೀಟರಿನ ಮೂರು ಸಿಲಿಂಡರ್ ಕಾರ್ ಎಂಜಿನ್ನು ಬಂದು ಕೂತಿದೆ. ನೂರು ವರ್ಷದ ಅಂತರದಲ್ಲಿ ಎರಡು ಸಲ ಒಂದೇ ಕಂಪನಿ ಬೈಕಿನಿಂದ ಹೊರಟು ಕಾರಿಗೆ ಬಂದು ತಲುಪಿತು.

ಆದರೆ ನನ್ನ ಮನಸ್ಸು ಗೆದ್ದದ್ದು ಇನ್ನೂ ಸಣ್ಣ ಎಂಜಿನ್ನು, ಅದೂ ಹಯಬುಸಾ ಮಾಡಿದ ಸುಜುಕಿಯವರದೇ. ಜಪಾನಿನ ಪುಟ್ಟ ಕೇ ಕಾರುಗಳಿಗೆಂದು ಮಾಡಿದ 660 ಸಿಸಿಯ ಮೂರು ಸಿಲಿಂಡರ್ ಟರ್ಬೊವನ್ನು ಕೇಟರ್‌ಹ್ಯಾಮ್ ತನ್ನ ಸೆವೆನ್ 160ರಲ್ಲಿ ಹಾಕಿತು. ಬರೀ 80 ಅಶ್ವಶಕ್ತಿ, 107 ನ್ಯೂಟನ್ ಮೀಟರ್. ಹಯಬುಸಾದ ಮುಂದೆ ನಗೆಪಾಟಲು. ಆದರೆ ಆ 107 ಸಿಗುವುದು 3,400 ಸುತ್ತಿಗೆ. ಅಷ್ಟು ಸುತ್ತಿಗೆ ಹಯಬುಸಾ ಇನ್ನೂ ಆಕಳಿಸುತ್ತಿರುತ್ತದೆ. ಕಾರಿನ ತೂಕ 490 ಕಿಲೊ, ಆಮೇಲೆ ಬಂದ 170 ಮಾದರಿಯದು 440. ಬೈಕಿನ ಎಂಜಿನ್ನು ಹಾಕಿದವರು ಯಾವ ಹಗುರತೆಗಾಗಿ ಇಷ್ಟೆಲ್ಲ ಪಾಡು ಪಟ್ಟರೋ ಆ ಹಗುರತೆಯನ್ನು ಇಲ್ಲಿ ಒಂದು ಕಾರಿನ ಎಂಜಿನ್ನು ತಾನಾಗಿ ತಂದುಕೊಟ್ಟಿತು. ಏರಿನಲ್ಲಿ ಹೊರಡುತ್ತದೆ, ಹಿಂದಕ್ಕೆ ಸರಿಯುತ್ತದೆ, ಸಣ್ಣ ರಸ್ತೆಯ ತಿರುವಿನಲ್ಲಿ ಎರಡನೇ ಗೇರಿನಿಂದಲೇ ಹುಮ್ಮಸ್ಸಾಗಿ ಎಳೆಯುತ್ತದೆ. ಗರಿಷ್ಠ ಅಶ್ವಶಕ್ತಿಯ ಅಂಕಿಯನ್ನು ಗೆಳೆಯರ ಮುಂದೆ ಹೇಳಿಕೊಳ್ಳುವಂತಿಲ್ಲ ಎನ್ನುವುದೊಂದೇ ಕೊರತೆ.

ನಮ್ಮಲ್ಲಿ ಈ ಪ್ರಶ್ನೆ ರಸ್ತೆಯ ತನಕ ಬರುವುದೇ ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪವನ್ನು ಬದಲಿಸುವುದಕ್ಕೆ ಅಡ್ಡ ನಿಂತಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಇಂಥ ಕೈಗೆಲಸ ಉಳಿದಿರುವುದು ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪುಗಳಲ್ಲಿ. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆಂದು ಹುಡುಗ ಹುಡುಗಿಯರು ಕಟ್ಟುವ ಒಂಟಿ ಸೀಟಿನ ಪೆಟ್ರೋಲ್ ಕಾರುಗಳ ಬೆನ್ನಿಗೆ ಕೆಟಿಎಂ 390ರಂಥ ಬೈಕಿನ ಎಂಜಿನ್ನಿರುತ್ತದೆ, ಚೈನಿನಿಂದ ಹಿಂಚಕ್ರಕ್ಕೆ. ಅಲ್ಲಿ ಏರಿಲ್ಲ, ಸಿಗ್ನಲ್ಲಿಲ್ಲ, ಪಕ್ಕದ ಸೀಟಿಲ್ಲ. ಕೂಪರ್ ಗ್ಯಾರೇಜಿನ ಲೆಕ್ಕಾಚಾರವೇ, ಅದು ಸರಿಯೂ ಹೌದು.

ಆದರೆ ಬೆಂಗಳೂರು ಈ ಪ್ರಯೋಗವನ್ನು ಒಮ್ಮೆ ರಸ್ತೆಯ ಮೇಲೆಯೇ ಮಾಡಿ ನೋಡಿದೆ. 1970ರ ದಶಕದಲ್ಲಿ ಇಲ್ಲಿ ತಯಾರಾದ ಬಾದಲ್ ಎಂಬ ಮೂರು ಚಕ್ರದ ಫೈಬರ್‌ಗ್ಲಾಸ್ ಕಾರಿಗೆ ಇದ್ದದ್ದು 198 ಸಿಸಿಯ ಎರಡು ಸ್ಟ್ರೋಕಿನ ಒಂಟಿ ಸಿಲಿಂಡರು, ಸ್ಕೂಟರಿಗೆ ಒಪ್ಪುವಂಥದ್ದು. ಸಂಸಾರ ಸಮೇತ ಏರು ಹತ್ತುವುದು ಅದರ ಯೋಗ್ಯತೆಗೆ ಮೀರಿದ ಮಾತಾಗಿತ್ತು. 80ರ ದಶಕದಲ್ಲಿ ಬಾದಲ್ ಮಾಡಿದ ಸಿಪಾನಿ ಕಂಪನಿಯವರೇ ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಕಾರನ್ನು ಡಾಲ್ಫಿನ್ ಎಂಬ ಹೆಸರಿನಲ್ಲಿ ಮಾಡತೊಡಗಿದಾಗ ಒಳಗೆ 848 ಸಿಸಿಯ ಅಲ್ಯೂಮಿನಿಯಂ ಕಾರ್ ಎಂಜಿನ್ನಿತ್ತು. ಮಾರುತಿಯ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ, ಆದರೆ ಹಗುರ ಮೈ ನೋಡಿ ರ‍್ಯಾಲಿಯವರು ಅದನ್ನು ಎತ್ತಿಕೊಂಡು ಹೋದರು. ಆ ಎಂಜಿನ್ನು ಆಗಲೇ ಇಂಗ್ಲೆಂಡಿನ 750 ಮೋಟರ್ ಕ್ಲಬ್ಬಿನ ಹವ್ಯಾಸಿಗಳು ತಾವೇ ಬೆಸೆದ ಚಾಸಿಗಳಿಗೆ ಹಾಕಿ ವಾರಾಂತ್ಯಗಳಲ್ಲಿ ರೇಸ್ ಓಡಿಸುತ್ತಿದ್ದ ಎಂಜಿನ್ನೇ.